22 ಮನೆಯ ಊರಿಗೆ ಸ್ವಂತ ನೆಟ್‌ವರ್ಕ್: ಕಟ್ಟುವ ಮೊದಲು ತಿಳಿದಿರಬೇಕಾದದ್ದು

ಪ್ರಶ್ನೆ: ನಮ್ಮದು ಸಿದ್ದಾಪುರ ತಾಲೂಕಿನ ಒಂದು ಮಜರೆ. 22 ಮನೆ, ಎಲ್ಲರದ್ದೂ ಅಡಿಕೆ ತೋಟ. ಮೊಬೈಲ್ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು. 3 ಕಿಲೋಮೀಟರ್ ಆಚೆ ಪಂಚಾಯತಿ ಕಚೇರಿಗೆ ಫೈಬರ್ ಬಂದಿದೆ, ಅದೂ ಆಗಾಗ ಬಂದ್. ಒಂದು ಖಾಸಗಿ ಕಂಪನಿಯವರು ಸರ್ವೆ ಮಾಡಿ, ಮನೆ ಕಡಿಮೆ ಎಂದು ಹೋದವರು ತಿರುಗಿ ಬರಲಿಲ್ಲ. ಈಗ ಊರಿನ ಹುಡುಗರು ಆಂಟೆನಾ ಹಾಕಿ ನಮ್ಮದೇ ವೈಫೈ ನೆಟ್‌ವರ್ಕ್ ಮಾಡೋಣ ಎನ್ನುತ್ತಿದ್ದಾರೆ. ಇದು ಆಗುವ ಮಾತೇ? ಕಾನೂನು ಒಪ್ಪುತ್ತದೆಯೇ? ಮಳೆಗಾಲದಲ್ಲಿ ನಿಲ್ಲುತ್ತದೆಯೇ?
(ಒಬ್ಬ ಓದುಗರು, ಉತ್ತರ ಕನ್ನಡ)

ಉತ್ತರ: ಆಗುವ ಮಾತೇ. ಆದರೆ ಹುಡುಗರು ಹೇಳುವ ಕ್ರಮದಲ್ಲಿ ಬೇಡ. ಆಂಟೆನಾ ಕಟ್ಟುವುದು ಒಂದೆರಡು ದಿನದ ಕೆಲಸ. ಆಷಾಢದ ಮಳೆಯಲ್ಲಿ ರಾತ್ರಿ ನಿಂತುಹೋದ ಪೆಟ್ಟಿಗೆಯನ್ನು ಬೆಳಗ್ಗೆ ಯಾರು ಹೋಗಿ ನೋಡುತ್ತಾರೆ, ಸುಟ್ಟ ಅಡಾಪ್ಟರಿನ ದುಡ್ಡು ಯಾವ ಖಾತೆಯಿಂದ ಬರುತ್ತದೆ ಎಂಬುದು ಇತ್ಯರ್ಥವಾಗದೆ ಕಟ್ಟಿದ ನೆಟ್‌ವರ್ಕ್ ಮೊದಲ ಮಳೆಗಾಲ ದಾಟುವುದು ಕಷ್ಟ. ನನ್ನ ಸಲಹೆಯ ಸಾರ ಇಷ್ಟು: ಊರೊಳಗಿನ ನೆಟ್‌ವರ್ಕ್ ಊರಿನದೇ ಆಗಿರಲಿ, ಇಂಟರ್ನೆಟ್ಟನ್ನು ಮಾತ್ರ ಊರ ಬಾಗಿಲಲ್ಲಿ ಪರವಾನಗಿ ಇರುವವರಿಂದ ಕೊಳ್ಳಿ. ಈ ಎರಡರ ಲೆಕ್ಕ ಮೊದಲ ದಿನದಿಂದಲೇ ಬೇರೆ ಬೇರೆ ಇರಲಿ.

ನಿಮ್ಮಲ್ಲಿಗೆ ಯಾರೂ ಬರದಿರುವುದಕ್ಕೆ ಕಾರಣ ಇದೆ. ನಮ್ಮಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ಸರ್ಕಾರಿ ಸಂಸ್ಥೆಯಾಗಿದ್ದ ವಿಎಸ್‌ಎನ್‌ಎಲ್ ಮೂಲಕ. ಖಾಸಗಿಯವರಿಗೆ ಬಾಗಿಲು ತೆರೆದದ್ದು 1998ರಲ್ಲಿ. ಅಲ್ಲಿಂದ ಇಲ್ಲಿಯವರೆಗೂ ತಂತಿ ಹೋದದ್ದು ಮನೆಗಳು ಒತ್ತಾಗಿರುವ ಕಡೆಗೆ. ಪೇಟೆಯ ಒಂದು ರಸ್ತೆಯಲ್ಲಿ 300 ಮೀಟರ್ ಕೇಬಲ್ ಎಳೆದರೆ ನೂರು ಗಿರಾಕಿ ಸಿಗುತ್ತಾರೆ. ನಿಮ್ಮಲ್ಲಿ 3 ಕಿಲೋಮೀಟರ್ ಎಳೆದರೆ ಇಪ್ಪತ್ತೆರಡೇ. ಸರ್ಕಾರ ಈ ಕಂದಕ ತುಂಬಲು 2011ರಲ್ಲಿ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಯೋಜನೆ ಮಂಜೂರು ಮಾಡಿತು. 2015ರಲ್ಲಿ ಅದಕ್ಕೇ ಭಾರತ್‌ನೆಟ್ ಎಂದು ಹೆಸರಾಯಿತು. ದೇಶದ ಸುಮಾರು 2.5 ಲಕ್ಷ ಗ್ರಾಮ ಪಂಚಾಯತಿಗಳನ್ನು ಮುಟ್ಟುವ ಗುರಿ. ಆದರೆ ಪಂಚಾಯತಿ ಕಚೇರಿಯ ಗೋಡೆಯವರೆಗೆ ಒಂದು ಯೋಜನೆ ಇತ್ತು, ಆ ಗೋಡೆಯಿಂದ ನಿಮ್ಮ ಅಂಗಳದವರೆಗೆ ಹೊಣೆ ಹೊತ್ತವರು ಯಾರೂ ಇರಲಿಲ್ಲ. ಮಲೆನಾಡಿನಲ್ಲಿ ಪಂಚಾಯತಿ ಎಂದರೆ ಒಂದು ಊರಲ್ಲ, ಹತ್ತಾರು ಮಜರೆ. ಹಾಗಾಗಿ ಫೈಬರ್ ಬಂದಿದೆ ಎನ್ನುವ ಕಡತವೂ ಸುಳ್ಳಲ್ಲ, ನೆಟ್ ಇಲ್ಲ ಎನ್ನುವ ನಿಮ್ಮ ಮಾತೂ ಸುಳ್ಳಲ್ಲ.

ಅದು ಆಗಾಗ ಬಂದ್ ಆಗುವುದಕ್ಕೂ ಕಾರಣ ವಿನ್ಯಾಸದಲ್ಲೇ ಇದೆ. ಮೊದಲ ಹಂತಗಳಲ್ಲಿ ತಾಲೂಕು ಕೇಂದ್ರದಿಂದ ಪಂಚಾಯತಿಗೆ ಎಳೆದದ್ದು ಒಂದೇ ಎಳೆಯ ದಾರಿ. ರಸ್ತೆ ಅಗಲ ಮಾಡುವ ಜೆಸಿಬಿ ನಡುವೆ ಎಲ್ಲೋ ಒಮ್ಮೆ ಕಚ್ಚಿದರೆ ಅದರ ಆಚೆಗಿರುವವರೆಲ್ಲ ಕತ್ತಲೆಗೆ. ತಿದ್ದುಪಡಿ ಮಾಡಿದ ಭಾರತ್‌ನೆಟ್ ಯೋಜನೆಗೆ 2023ರ ಆಗಸ್ಟ್‌ನಲ್ಲಿ ಸುಮಾರು 1.39 ಲಕ್ಷ ಕೋಟಿ ರೂಪಾಯಿ ಮಂಜೂರಾಯಿತು. ಅದರಲ್ಲಿ ಈ ದಾರಿಯನ್ನು ಬಳೆಯಾಕಾರಕ್ಕೆ ತಿರುಗಿಸುವ ಕೆಲಸ ಸೇರಿದೆ. ಒಂದು ಕಡೆ ತುಂಡಾದರೆ ಇನ್ನೊಂದು ಕಡೆಯಿಂದ ಬೆಳಕು (ಫೈಬರ್ ಸುದ್ದಿ ಸಾಗಿಸುವುದೇ ಬೆಳಕಿನಲ್ಲಿ) ಬರುತ್ತದೆ. ನಿಮ್ಮ ಪಂಚಾಯತಿ ಆ ಬಳೆಗೆ ಸೇರಿದೆಯೇ ಎಂದು ಮೊದಲು ವಿಚಾರಿಸಿ. ಸೇರಿಲ್ಲದಿದ್ದರೆ ಊರಲ್ಲಿ ನೀವು ಎಷ್ಟೇ ಚೆನ್ನಾಗಿ ಕಟ್ಟಿದರೂ ಮೇಲಿನ ತುದಿಯಲ್ಲಿ ನಿಲ್ಲುತ್ತದೆ. ಇನ್ನೊಂದು ಸಣ್ಣ ಸಂಗತಿ: ಕಚೇರಿಗೆ ಬೀಗ ಹಾಕುವಾಗ ಮೇನ್ ಸ್ವಿಚ್ ಆರಿಸಿಬಿಟ್ಟರೆ ಫೈಬರ್ ಪೆಟ್ಟಿಗೆಯೂ ಮಲಗುತ್ತದೆ. ಸಂಜೆ ಐದೂವರೆಗೆ ಹೋಗಿ ಬೆಳಗ್ಗೆ ಹತ್ತಕ್ಕೆ ಬರುವ ನೆಟ್ ಇದ್ದರೆ ಹೆಚ್ಚಿನ ಸಲ ಕಾರಣ ಅದೇ. ಆ ಪೆಟ್ಟಿಗೆಗೆ ಪ್ರತ್ಯೇಕ ವೈರಿಂಗ್ ಮಾಡಿಸಿಕೊಡುತ್ತೇವೆ ಎಂದು ಪಂಚಾಯತಿಗೆ ಒಂದು ಅರ್ಜಿ ಕೊಡಿ.

ಈಗ ಹುಡುಗರ ಆಂಟೆನಾಕ್ಕೆ ಬರೋಣ. ಮಳೆಯಲ್ಲಿ ವೈಫೈ ಲಿಂಕ್ ನಿಲ್ಲುತ್ತದೆ ಎಂಬ ಹೆದರಿಕೆ ಎಲ್ಲರಿಗೂ ಇದೆ. ಇಂಥ ಲಿಂಕಿಗೆ ಬಳಸುವ 5.8 ಗಿಗಾಹರ್ಟ್ಸ್ ಅಲೆಗೆ 3 ಕಿಲೋಮೀಟರಿನಲ್ಲಿ ಮಳೆಹನಿ ಲೆಕ್ಕಕ್ಕಿಲ್ಲ. 60 ಗಿಗಾಹರ್ಟ್ಸ್‌ನ ಹೊಸ ರೇಡಿಯೋ (ಅಲೆ ಕಳಿಸಿ ಹಿಡಿಯುವ ಪೆಟ್ಟಿಗೆ) ತಂದರೆ ಮಾತ್ರ ಮಳೆ ತಿಂದುಹಾಕುತ್ತದೆ, ಅದನ್ನು ಮಲೆನಾಡಿನ ಬೆಟ್ಟದಿಂದ ಬೆಟ್ಟಕ್ಕೆ ಹಾಕಬೇಡಿ. ನಿಮ್ಮ ನಿಜವಾದ ವೈರಿ ಎಲೆ, ಅದರಲ್ಲೂ ಒದ್ದೆ ಎಲೆ. ಬೇಸಿಗೆಯಲ್ಲಿ ಒಂದು ಮರದ ಸಂದಿಯಿಂದ ಹೇಗೋ ನುಸುಳುತ್ತಿದ್ದ ಸಿಗ್ನಲ್, ಜೂನ್‌ನಲ್ಲಿ ಚಿಗುರು ತುಂಬಿ ನೀರು ಹಿಡಿದಾಗ ಸತ್ತೇ ಹೋಗುತ್ತದೆ. ಮಾರ್ಚ್‌ನಲ್ಲಿ ಪರೀಕ್ಷೆ ಮಾಡಿ, ಚೆನ್ನಾಗಿದೆ ಎಂದು ಸಾಮಾನು ಕೊಂಡವರು ಮೋಸ ಹೋಗುವುದು ಇಲ್ಲೇ.

ಎರಡು ಆಂಟೆನಾಗಳು ಒಂದಕ್ಕೊಂದು ಕಣ್ಣಿಗೆ ಕಂಡರೆ ಸಾಕು ಎಂದೂ ತಿಳಿಯಬೇಡಿ. ಅಲೆ ದಾರದ ಹಾಗೆ ನೇರ ಎಳೆಯಾಗಿ ಹೋಗುವುದಿಲ್ಲ, ನಡುವೆ ಉಬ್ಬಿಕೊಂಡು ಹೋಗುತ್ತದೆ. ಈ ಉಬ್ಬಿನ ಜಾಗಕ್ಕೆ ಫ್ರೆನೆಲ್ ವಲಯ ಎನ್ನುತ್ತಾರೆ. 5.8 ಗಿಗಾಹರ್ಟ್ಸ್‌ನಲ್ಲಿ 3 ಕಿಲೋಮೀಟರ್ ದಾರಿಯ ನಟ್ಟನಡುವೆ ಅದರ ತ್ರಿಜ್ಯ ಸುಮಾರು 6 ಮೀಟರ್. ಅದರಲ್ಲಿ ಶೇ 60ರಷ್ಟಾದರೂ, ಅಂದರೆ ನೋಟದ ಗೆರೆಯಿಂದ ಸುಮಾರು 4 ಮೀಟರ್ ಕೆಳಗಿನವರೆಗೆ, ಮರದ ತುದಿ ಬರಬಾರದು. ಮರ ಬೆಳೆಯುತ್ತದೆ ಎಂಬುದನ್ನೂ ಸೇರಿಸಿ ಲೆಕ್ಕ ಹಾಕಿ. ತೋಟ ತಗ್ಗಿನಲ್ಲಿ, ಪಂಚಾಯತಿ ಇನ್ನೊಂದು ತಗ್ಗಿನಲ್ಲಿ ಇರುವುದರಿಂದ ನಿಮಗೆ ಗುಡ್ಡದ ಮೇಲೆ ಒಂದು ನಡುಠಾಣೆ ಬೇಕೇ ಬೇಕಾಗುತ್ತದೆ.

ಆ ಗುಡ್ಡದ ಠಾಣೆಯೇ ಇಡೀ ಯೋಜನೆಯ ದುರ್ಬಲ ಜಾಗ, ಕಾರಣ ಕರೆಂಟು. ಎರಡು ರೇಡಿಯೋ, ಒಂದು ಸ್ವಿಚ್ ಸೇರಿ 20 ವಾಟ್ ಎಂದುಕೊಳ್ಳಿ. ದಿನಕ್ಕೆ 480 ವಾಟ್-ಗಂಟೆ. 12.8 ವೋಲ್ಟ್, 100 ಆಂಪಿಯರ್-ಗಂಟೆಯ ಲಿಥಿಯಂ ಫಾಸ್ಫೇಟ್ ಬ್ಯಾಟರಿ ಪೂರ್ತಿ ತುಂಬಿದ್ದರೆ ಎರಡೂವರೆ ದಿನ ತಡೆಯುತ್ತದೆ. ಬೇಸಿಗೆಯಲ್ಲಿ 200 ವಾಟ್‌ನ ಸೋಲಾರ್ ಪ್ಯಾನೆಲ್ ದಿನಕ್ಕೆ 800 ವಾಟ್-ಗಂಟೆಯಷ್ಟು ಕೊಡುತ್ತದೆ. ಜುಲೈನಲ್ಲಿ ಸೂರ್ಯನ ಮುಖವೇ ಕಾಣದ ವಾರದಲ್ಲಿ ಅದರ ಐದರಲ್ಲೊಂದು ಪಾಲು ಬಂದರೆ ಹೆಚ್ಚು. ಮೂರು-ನಾಲ್ಕು ದಿನದಲ್ಲಿ ಊರು ಕಡಿದುಹೋಗುತ್ತದೆ. ಆದ್ದರಿಂದ ಗುಡ್ಡದ ತುದಿಯೇ ಬೇಕು ಎಂದು ಹಟ ಹಿಡಿಯಬೇಡಿ. ಎತ್ತರದಲ್ಲಿರುವ, ಹೆಸ್ಕಾಂ ಕರೆಂಟು ಸಂಪರ್ಕ ಇರುವ ಒಂದು ಮನೆಯನ್ನು ಹುಡುಕಿ, ಅವರಿಗೆ ನೆಟ್ ಉಚಿತವಾಗಿ ಕೊಟ್ಟು ಅಲ್ಲಿ ಠಾಣೆ ಮಾಡಿ. ನೋಡಿಕೊಳ್ಳುವ ಕಣ್ಣೂ ಸಿಕ್ಕಿದ ಹಾಗಾಯಿತು.

ಸಿಡಿಲಿನ ಮಾತು ಬೇರೆ. ಅದು ಹೊಡೆಯುವುದು ಆಷಾಢದ ಮಳೆಯಲ್ಲಿ ಕಡಿಮೆ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆ, ಮತ್ತೆ ಅಕ್ಟೋಬರ್‌ನಲ್ಲಿ ಹೆಚ್ಚು. ಕಂಬದ ಮೇಲಿನ ರೇಡಿಯೋದಿಂದ ಮನೆಯೊಳಗಿನ ರೂಟರಿಗೆ ಬರುವ ತಾಮ್ರದ ಕೇಬಲ್ಲೇ ಸಿಡಿಲಿಗೆ ದಾರಿ. ಕಂಬಕ್ಕೆ ಸರಿಯಾದ ಅರ್ತಿಂಗ್ ಕೊಡಿ, ಕೇಬಲ್ ಒಳಬರುವ ಕಡೆ ಸರ್ಜ್ ಪ್ರೊಟೆಕ್ಟರ್ (ಏಕಾಏಕಿ ಏರುವ ವೋಲ್ಟೇಜ್ ತಡೆಯುವ ಸಾಧನ) ಹಾಕಿ. ಸಾಧ್ಯವಾದರೆ ಕೊನೆಯ ಹತ್ತಿಪ್ಪತ್ತು ಮೀಟರ್ ಫೈಬರ್‌ನಲ್ಲೇ ತನ್ನಿ.

ಊರೊಳಗೆ ಮನೆಯಿಂದ ಮನೆಗೆ ವೈಫೈ ಮೆಶ್ (ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಸಿಗ್ನಲ್ ದಾಟಿಸುತ್ತಾ ಹೋಗುವ ಜಾಲ) ಮಾಡೋಣ ಎಂಬ ಮಾತು ಬಂದರೆ ನಾನು ಬೇಡ ಎನ್ನುತ್ತೇನೆ. ಬಯಲುಸೀಮೆಯ ಒತ್ತಾದ ಊರಿಗೆ, ಪೇಟೆಯ ತಾರಸಿಗಳಿಗೆ ಮೆಶ್ ಒಳ್ಳೆಯದು. ನಲವತ್ತು-ಐವತ್ತು ಅಡಿ ಎತ್ತರದ ಅಡಿಕೆ ಮರಗಳ ಬುಡದಲ್ಲಿರುವ ಮನೆಗಳಿಗೆ ಅಲ್ಲ. ಮೇಲಾಗಿ ಒಂದೇ ರೇಡಿಯೋ ಇರುವ ಮೆಶ್ ಪೆಟ್ಟಿಗೆ ಕೇಳಿದ್ದನ್ನೇ ತಿರುಗಿ ಹೇಳಬೇಕಾದ್ದರಿಂದ ಪ್ರತಿ ಜಿಗಿತಕ್ಕೂ ವೇಗ ಹೆಚ್ಚುಕಡಿಮೆ ಅರ್ಧವಾಗುತ್ತದೆ. 40 ಎಂಬಿಪಿಎಸ್ ಹೊರಟದ್ದು ಮೂರು ಜಿಗಿತಕ್ಕೆ 5ಕ್ಕೆ ಇಳಿಯಿತು. ಕೊನೆಯ ಮನೆಯವರು ಮೊದಲ ಮನೆಯವರಷ್ಟೇ ದುಡ್ಡು ಕೊಟ್ಟು ಅರೆಹೊಟ್ಟೆಯಲ್ಲಿ ಕೂತರೆ ಊರಲ್ಲಿ ಮನಸ್ತಾಪ ಖಂಡಿತ.

ಊರೊಳಗೆ ಮೊದಲ ದಿನದಿಂದಲೇ ಫೈಬರ್ ಎಳೆಯಿರಿ. ಇದನ್ನು ದೊಡ್ಡ ಕಂಪನಿಯ ಕೆಲಸ ಎಂದುಕೊಂಡು ಜನ ಹಿಂದೆ ಸರಿಯುತ್ತಾರೆ, ಹಾಗಲ್ಲ. ತೋಟದ ಮೇಲಿಂದ ಮನೆಗೆ ಬರುವ ಡ್ರಾಪ್ ಕೇಬಲ್ಲನ್ನು ಪೇಟೆಯ ಕೇಬಲ್‌ನವರು ದಿನವೂ ಎಳೆಯುತ್ತಿದ್ದಾರೆ. ಕೊಳ್ಳುವಾಗ ಒಂದನ್ನು ಕೈಯಲ್ಲಿ ಹಿಡಿದು ನೋಡಿ: ಕೆಲವು ಚಪ್ಪಟೆ ಕೇಬಲ್‌ಗಳ ಅಂಚಿನಲ್ಲಿ ಭಾರ ತಡೆಯಲು ಉಕ್ಕಿನ ತಂತಿ ಇರುತ್ತದೆ. ಫೈಬರ್‌ಗೆ ಸಿಡಿಲಿನ ಭಯ ಇಲ್ಲ ಎಂದು ನಂಬಿ ಈ ಕೇಬಲ್ ಎಳೆದರೆ, ಆ ಉಕ್ಕಿನ ತಂತಿ ಸಿಡಿಲನ್ನು ನೆಟ್ಟಗೆ ಮನೆಗೆ ತರುತ್ತದೆ. ಎಫ್‌ಆರ್‌ಪಿ (ನಾರು ಸೇರಿಸಿ ಗಟ್ಟಿ ಮಾಡಿದ ಪ್ಲಾಸ್ಟಿಕ್) ಕಡ್ಡಿ ಇರುವ, ಲೋಹವೇ ಇಲ್ಲದ ಕೇಬಲ್ ಕೇಳಿ ತೆಗೆದುಕೊಳ್ಳಿ. ಅಂಗಡಿಯವರು ಎರಡೂ ಒಂದೇ ಎಂದರೆ ತುದಿ ಸುಲಿದು ನೋಡಿ, ಆಯಸ್ಕಾಂತ ಹಿಡಿದರೂ ಗೊತ್ತಾಗುತ್ತದೆ. ಅಡಿಕೆ ಕೊನೆ ಕೊಯ್ಲಿನ ಸಮಯದಲ್ಲಿ ದೋಟಿ ತಾಗದ, ಕೊನೆಗೌಡ (ಮರ ಹತ್ತಿ ಅಡಿಕೆ ಕೊನೆ ಇಳಿಸುವವರು) ಮರದಿಂದ ಮರಕ್ಕೆ ಹಾಯುವಾಗ ಕಾಲಿಗೆ ಸಿಗದ ದಾರಿಯಲ್ಲಿ ಕಟ್ಟಿ. ಇದನ್ನು ತೋರಿಸಿಕೊಡಲು ಕೊನೆಗೌಡನಿಗಿಂತ ಬಲ್ಲವರು ಇಲ್ಲ, ಕೇಬಲ್ ಎಳೆಯುವ ದಿನ ಅವರನ್ನು ಜೊತೆಗೆ ಕರೆಯಿರಿ.

ಬೆಳಕಿನ ಲೆಕ್ಕವೂ ನಿಮ್ಮ ಹುಡುಗರಿಗೆ ಕಷ್ಟವಾಗಲಾರದು. ಫೈಬರ್‌ನಲ್ಲಿ 3 ಕಿಲೋಮೀಟರಿಗೆ ಹೋಗುವ ನಷ್ಟ ಸುಮಾರು 1 ಡೆಸಿಬೆಲ್, ಅಂದರೆ ಇಲ್ಲವೆಂದೇ ಹೇಳಬಹುದು. ನಷ್ಟ ಇರುವುದು ಹಂಚುವಲ್ಲಿ: 32 ಮನೆಗೆ ಹಂಚುವ ಸ್ಪ್ಲಿಟರ್ ಒಂದೇ 17 ಡೆಸಿಬೆಲ್ ತಿನ್ನುತ್ತದೆ. ಮನೆಯ ಪೆಟ್ಟಿಗೆಗೆ ಬರುವ ಬೆಳಕು ಮೈನಸ್ 25 ಡಿಬಿಎಂಗಿಂತ (ಡಿಬಿಎಂ ಬೆಳಕಿನ ಶಕ್ತಿಯ ಅಳತೆ) ಕೆಳಗೆ ಇಳಿಯದಂತೆ ನೋಡಿಕೊಂಡರೆ ನೆಮ್ಮದಿ. ಪವರ್ ಮೀಟರ್ ಒಂದನ್ನು ಊರಿಗೇ ಕೊಂಡಿಡಿ. ಯಾವ ಮನೆಯ ಬೆಳಕು ಎಷ್ಟು ಎಂದು ಕಟ್ಟಿದ ದಿನವೇ ಪುಸ್ತಕದಲ್ಲಿ ಬರೆದಿಟ್ಟರೆ, ಮುಂದೆ ಕೆಟ್ಟಾಗ ಎಲ್ಲಿ ಕೆಟ್ಟಿದೆ ಎಂದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಫೈಬರ್ ಬೆಸೆಯುವ ಸ್ಪ್ಲೈಸಿಂಗ್ ಮಷೀನು ಮಾತ್ರ ಕೊಳ್ಳಬೇಡಿ, ಕೇಬಲ್‌ನವರನ್ನು ಕರೆಸಿದರೆ ಆಯಿತು.

ಪಂಚಾಯತಿಯಿಂದ ಊರಿನವರೆಗಿನ 3 ಕಿಲೋಮೀಟರಿಗೂ ಕೊನೆಗೆ ಫೈಬರ್ರೇ ಗತಿ. ಆದರೆ ಅಲ್ಲಿ ಕಂಬಕ್ಕೆ ಹೆಸ್ಕಾಂ ಒಪ್ಪಿಗೆ ಬೇಕು, ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡು) ಮೇಲೆ ಹಾಯ್ದರೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು, ಅದಕ್ಕೆ ಕಾಲ ಹಿಡಿಯುತ್ತದೆ. ಅಷ್ಟರವರೆಗೆ ರೇಡಿಯೋ ಲಿಂಕ್ ನಡೆಯಲಿ. ಫೈಬರ್ ಬಂದ ಮೇಲೂ ಅದನ್ನು ಕೀಳಬೇಡಿ, ಮರ ಬಿದ್ದು ಕೇಬಲ್ ಹರಿದ ದಿನ ಅದೇ ಆಪದ್ಬಾಂಧವ.

ಇಷ್ಟೆಲ್ಲ ಮಾಡಿ 100 ಎಂಬಿಪಿಎಸ್ ತಂದ ಮೇಲೂ ಜನ ನೆಟ್ ಸ್ಲೋ ಎನ್ನುತ್ತಾರೆ. 22 ಮನೆಯವರೂ ಒಟ್ಟಿಗೆ ಸಾಧಾರಣ ಗುಣಮಟ್ಟದ ವಿಡಿಯೋ ನೋಡಿದರೂ 100 ಸಾಕು, ಹಾಗಾದರೆ ತೊಡಕು ಎಲ್ಲಿ? ಮೇಲೆ ಕಳಿಸುವ ದಾರಿಯಲ್ಲಿ. ಒಂದು ಮನೆಯ ಮೊಬೈಲು ಮದುವೆಯ ಫೋಟೋ, ವಿಡಿಯೋಗಳನ್ನೆಲ್ಲ ಬ್ಯಾಕಪ್‌ಗೆ ಕಳಿಸಲು ಶುರು ಮಾಡುತ್ತದೆ. ರೂಟರ್ ಅದನ್ನೆಲ್ಲ ಸಾಲಿನಲ್ಲಿ ನಿಲ್ಲಿಸಿಕೊಳ್ಳುತ್ತದೆ. ಪಕ್ಕದ ಮನೆಯಲ್ಲಿ ಆನ್‌ಲೈನ್ ಸಂದರ್ಶನ ಕೊಡುತ್ತಿರುವ ಹುಡುಗಿಯ ಮಾತು ಆ ಸಾಲಿನ ತುದಿಯಲ್ಲಿ ನಿಲ್ಲಬೇಕು. ಹಾಲಿನ ಡೈರಿಯಲ್ಲಿ ಹತ್ತು ಕ್ಯಾನ್ ತಂದವನ ಹಿಂದೆ ಅರ್ಧ ಲೀಟರ್ ಹಾಲು ಹಿಡಿದ ಅಜ್ಜಿ ನಿಂತ ಹಾಗೆ. ಇದಕ್ಕೆ ಔಷಧ ಹೆಚ್ಚು ವೇಗವಲ್ಲ, ಸಾಲನ್ನು ನ್ಯಾಯವಾಗಿ ನಡೆಸುವುದು. ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಹಾಕಿದ ರೂಟರಿನಲ್ಲಿ ಕೇಕ್ (CAKE) ಎಂಬ ವ್ಯವಸ್ಥೆ ಇದೆ. ನಿಮ್ಮ ಲಿಂಕಿನ ನಿಜವಾದ ವೇಗಕ್ಕಿಂತ ಶೇ 5-10 ಕಡಿಮೆ ಮಿತಿ ಕೊಟ್ಟು ಅದನ್ನು ಚಾಲೂ ಮಾಡಿದರೆ ಪ್ರತಿ ಮನೆಗೂ ಸರದಿ ಸಿಗುತ್ತದೆ. ಊರ ಬಾಗಿಲಿನ ರೂಟರಿನಲ್ಲಿ ಇದೊಂದನ್ನು ಮಾಡಲು ಮರೆಯಬೇಡಿ. ಬಳಸುವವರಿಗೆ ವ್ಯತ್ಯಾಸ ಅದೇ ದಿನ ಗೊತ್ತಾಗುತ್ತದೆ.

ವಿಳಾಸದ ತೊಡಕು ಇನ್ನೊಂದು. ಇಂಟರ್ನೆಟ್‌ನಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆಯೇ ಐಪಿ ವಿಳಾಸ. ಹಳೆಯ ಪದ್ಧತಿಯ ಐಪಿ ವಿಳಾಸಗಳು ಜಗತ್ತಿಗೆಲ್ಲ ಸೇರಿ ಸುಮಾರು 430 ಕೋಟಿ, ಏಷ್ಯಾ-ಪೆಸಿಫಿಕ್ ಭಾಗದ ದಾಸ್ತಾನು 2011ರ ಏಪ್ರಿಲ್‌ನಲ್ಲೇ ತಳ ಕಂಡಿತು. ಅದಕ್ಕೇ ಇಂದು ನೂರಾರು ಮನೆಗಳು ಒಂದೇ ಹೊರವಿಳಾಸ ಹಂಚಿಕೊಳ್ಳುತ್ತವೆ, ಹೊರಗಿನಿಂದ ನೇರವಾಗಿ ನಿಮ್ಮ ಮನೆಯ ಯಂತ್ರವನ್ನು ಮುಟ್ಟಲಾಗುವುದಿಲ್ಲ. ಇಂಟರ್ನೆಟ್ ಕೊಡುವವರ ಹತ್ತಿರ ಹೊಸ ಪದ್ಧತಿಯ ವಿಳಾಸ, ಅಂದರೆ ಐಪಿವಿ6, ಇದೆಯೇ ಎಂದು ಕೇಳಿ, ಇದ್ದವರನ್ನೇ ಆರಿಸಿ.

ಕಾನೂನಿಗೆ ಬರುತ್ತೇನೆ. 2.4 ಗಿಗಾಹರ್ಟ್ಸ್ 2005ರಿಂದ, 5 ಗಿಗಾಹರ್ಟ್ಸ್‌ನ ಹೆಚ್ಚಿನ ಭಾಗ 2018ರಿಂದ, ನಿಗದಿತ ಶಕ್ತಿಯ ಮಿತಿಯೊಳಗೆ ಪರವಾನಗಿ ಇಲ್ಲದೆ ಬಳಸಬಹುದು. ರೇಡಿಯೋಗೆ ಸರ್ಕಾರದ ಸಲಕರಣೆ ಅನುಮೋದನೆ ಇರಬೇಕು, ಹೊರದೇಶದಿಂದ ತರಿಸಿದ್ದಾದರೆ ಅದನ್ನು ನೋಡಿ ಕೊಳ್ಳಿ. ಆದರೆ ಅಲೆಗೆ ಪರವಾನಗಿ ಬೇಡ ಎಂದ ಮಾತ್ರಕ್ಕೆ ಇಂಟರ್ನೆಟ್ ಮಾರಲು ಬೇಡ ಎಂದಲ್ಲ. ಒಂದು ಮನೆಯ ಹೆಸರಲ್ಲಿ ಸಂಪರ್ಕ ತೆಗೆದು 22 ಮನೆಗೆ ದುಡ್ಡಿಗೆ ಹಂಚುವುದು ತಪ್ಪು. ನಾಳೆ ಆ ಸಂಪರ್ಕದಿಂದ ಯಾರೋ ಆನ್‌ಲೈನ್ ವಂಚನೆ ಮಾಡಿದರೆ ಪೊಲೀಸರು ಬರುವುದು ಆ ಮನೆಗೆ. ನಿಮಗೆ ನೇರವಾದ ದಾರಿ ಎರಡಿವೆ. ಒಂದು, ತಾಲೂಕು ಅಥವಾ ಜಿಲ್ಲೆಯಲ್ಲಿ ಪರವಾನಗಿ ಇರುವ ಸಣ್ಣ ಇಂಟರ್ನೆಟ್ ಸಂಸ್ಥೆಯ ಜೊತೆ ಊರಿನ ಸಂಘ ಫ್ರಾಂಚೈಸಿ ಒಪ್ಪಂದ ಮಾಡಿಕೊಳ್ಳುವುದು. ಗಿರಾಕಿಯ ದಾಖಲೆ, ಕಾನೂನಿನ ಹೊಣೆ ಅವರದ್ದು, ಊರೊಳಗಿನ ಕೇಬಲ್, ಪೆಟ್ಟಿಗೆ, ರಿಪೇರಿ ನಿಮ್ಮದು. ಇನ್ನೊಂದು, 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಎಂಬ ಸಾರ್ವಜನಿಕ ವೈಫೈ ಯೋಜನೆ. ಅದರಲ್ಲಿ ಊರಿನ ಅಂಗಡಿಯೋ ಸೊಸೈಟಿಯೋ ಪಬ್ಲಿಕ್ ಡೇಟಾ ಆಫೀಸ್ ಆಗಿ ವೈಫೈ ಮಾರಬಹುದು, ಪರವಾನಗಿಯೂ ಬೇಡ, ಶುಲ್ಕವೂ ಇಲ್ಲ, ಮೇಲಿನ ಲೆಕ್ಕಪತ್ರ ನೋಂದಾಯಿತ ಸಂಸ್ಥೆಯೊಂದು ನೋಡಿಕೊಳ್ಳುತ್ತದೆ. ಇಂಥವರಿಗೆ ಕಂಪನಿಗಳು ದುಬಾರಿ ಲೀಸ್ಡ್ ಲೈನೇ (ಒಬ್ಬ ಗಿರಾಕಿಗೇ ಮೀಸಲಾದ ಸಂಪರ್ಕ) ಬೇಕೆಂದು ಕೂತಿದ್ದರಿಂದ ಅದು ಬಹಳ ವರ್ಷ ಕುಂಟಿತು. 2025ರ ಜೂನ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಒಂದು ಆದೇಶ ಮಾಡಿ, 200 ಎಂಬಿಪಿಎಸ್‌ವರೆಗಿನ ಮನೆ ಪ್ಲಾನ್‌ಗಳನ್ನು ಇವರಿಗೆ ಮನೆಯವರ ದರದ ಎರಡು ಪಟ್ಟು ಮೀರದಂತೆ ಕೊಡಬೇಕು ಎಂದಿದೆ. ನಿಮಗೆ ನಾನು ಮೊದಲನೆಯದನ್ನು ಹೇಳುತ್ತೇನೆ. ಪಿಎಂ-ವಾಣಿಯನ್ನು ಸೊಸೈಟಿ ಕಟ್ಟಡದಲ್ಲಿ ಕೂಲಿಗೆ ಬರುವವರಿಗೆ, ನೆಂಟರಿಗೆ ಹೆಚ್ಚುವರಿಯಾಗಿ ಇಡಿ.

ಕಾನೂನನ್ನು ಹೊರಗಿಟ್ಟು ಬೆಳೆದರೆ ಏನಾಗುತ್ತದೆ ಎಂಬುದಕ್ಕೆ ಕ್ಯೂಬಾದ ಹವಾನಾ ನಗರ ಸಾಕ್ಷಿ. ಅಲ್ಲಿನ ಯುವಕರು ಮನೆಮನೆಗೆ ಕೇಬಲ್, ವೈಫೈ ಎಳೆದು ಸ್ನೆಟ್ ಎಂಬ ದೊಡ್ಡ ಖಾಸಗಿ ಜಾಲ ಕಟ್ಟಿದ್ದರು. ಇಂಟರ್ನೆಟ್ಟೇ ಇಲ್ಲದೆ ಸಾವಿರಾರು ಜನ ಅದರಲ್ಲಿ ಆಟ, ಹರಟೆ, ಕಡತ ಹಂಚಿಕೆ ನಡೆಸುತ್ತಿದ್ದರು. 2019ರಲ್ಲಿ ಬಂದ ಹೊಸ ನಿಯಮಗಳು ಬೀದಿ ದಾಟುವ ಕೇಬಲ್ಲನ್ನೂ ಶಕ್ತಿಯುತ ರೇಡಿಯೋವನ್ನೂ ಒಪ್ಪಲಿಲ್ಲ, ಕೆಲವೇ ತಿಂಗಳಲ್ಲಿ ಜಾಲ ಸರ್ಕಾರಿ ಕಂಪ್ಯೂಟರ್ ಕೇಂದ್ರಗಳ ಕೈಗೆ ಹೋಯಿತು. ಸ್ಪೇನಿನ ಕ್ಯಾಟಲೋನಿಯಾದ ಗುಯ್ಫಿ ಜಾಲದ ಕಥೆ ಇದಕ್ಕೆ ವ್ಯತಿರಿಕ್ತ. 2004ರಲ್ಲಿ ಓಸೋನಾ ಎಂಬ ಗ್ರಾಮೀಣ ಭಾಗದಲ್ಲಿ, ಕಂಪನಿಗಳು ಬರುವುದಿಲ್ಲ ಎಂದಾಗ ಊರವರೇ ವೈಫೈಯಿಂದ ಶುರು ಮಾಡಿದರು, ಆಮೇಲೆ ಫೈಬರ್ ಎಳೆದರು, ಈಗ 30,000ಕ್ಕೂ ಹೆಚ್ಚು ನೋಡ್‌ಗಳಿವೆ (ಜಾಲಕ್ಕೆ ಸೇರಿದ ಒಂದೊಂದು ತಾಣವೂ ಒಂದು ನೋಡ್). ಅವರು ಮಾಡಿದ ಜಾಣತನ ಒಂದೇ: ಜಾಲ ಎಲ್ಲರದ್ದು, ಅದರ ಮೇಲೆ ಸೇವೆ ಮಾರುವ ಸಣ್ಣ ಕಂಪನಿ ಯಾರಾದರೂ ಆಗಬಹುದು, ಹೆಚ್ಚು ಬಳಸಿದವರು ಹೆಚ್ಚು ಹೂಡಿದವರಿಗೆ ಲೆಕ್ಕ ಹಾಕಿ ದುಡ್ಡು ಕೊಡಬೇಕು. ಇದನ್ನು ಬರಹದ ಒಪ್ಪಂದ ಮಾಡಿ, ಒಂದು ಪ್ರತಿಷ್ಠಾನದ ಕೈಗೆ ಕೊಟ್ಟರು. ಇಂಗ್ಲೆಂಡಿನ ಲ್ಯಾಂಕಶೈರಿನಲ್ಲಿ 2011ರಲ್ಲಿ ಹುಟ್ಟಿದ ಬಿ4ಆರ್‌ಎನ್ ಎಂಬ ಸಹಕಾರಿ ಸಂಸ್ಥೆಯಲ್ಲಿ ರೈತರು ತಮ್ಮ ಹೊಲದಲ್ಲಿ ತಾವೇ ಕಾಲುವೆ ತೋಡಿ ಫೈಬರ್ ಹೂಳಿದರು. ಜಾಗದ ಬಾಡಿಗೆ ಯಾರೂ ಕೇಳಲಿಲ್ಲ, ವೆಚ್ಚ ಇಳಿದದ್ದು ಅದರಿಂದ. ನಿಮ್ಮ 22 ಮನೆಯ ತೋಟಗಳೂ ನಿಮ್ಮವೇ ಅಲ್ಲವೇ?

ಹಾಗಾಗಿ ಸಾಮಾನಿನ ಪಟ್ಟಿಗಿಂತ ಮೊದಲು ಒಂದು ಬಿಳಿ ಹಾಳೆಯಲ್ಲಿ ಒಪ್ಪಂದ ಬರೆಯಿರಿ. ಕೇಬಲ್ ಯಾರ ತೋಟದಲ್ಲಿ ಹಾಯ್ದರೂ ಊರಿನದು. ಮನೆ ಬಿಟ್ಟು ಬೆಂಗಳೂರಿಗೆ ಹೋದವರು ತಮ್ಮ ಪಾಲು ಕಿತ್ತುಕೊಂಡು ಹೋಗುವಂತಿಲ್ಲ. ತಿಂಗಳ ದುಡ್ಡಿನಲ್ಲಿ ಮೂರರಲ್ಲೊಂದು ಪಾಲು ರಿಪೇರಿ ಖಾತೆಗೆ ಹೋಗಬೇಕು, ಅದನ್ನು ಬೇರೆ ಯಾವುದಕ್ಕೂ ಮುಟ್ಟಬಾರದು. ರಿಪೇರಿ ನೋಡುವ ಇಬ್ಬರಿಗೆ ಸಂಬಳ ಕೊಡಿ. ಸೇವೆ ಎಂದು ಮಾಡುವ ಹುಡುಗ ಮೊದಲ ವರ್ಷ ಮಾಡುತ್ತಾನೆ, ಎರಡನೇ ವರ್ಷ ಅವನಿಗೆ ಕೆಲಸ ಸಿಕ್ಕು ಊರು ಬಿಡುತ್ತಾನೆ, ಪಾಸ್‌ವರ್ಡ್ ಅವನ ತಲೆಯಲ್ಲೇ ಹೋಗುತ್ತದೆ. ಇಬ್ಬರಲ್ಲಿ ಒಬ್ಬರು ಊರಲ್ಲೇ ಇರುವ ಹೆಣ್ಣುಮಗಳಾಗಿದ್ದರೆ ಒಳ್ಳೆಯದು. ಎಲ್ಲ ಪಾಸ್‌ವರ್ಡ್, ನಕ್ಷೆ ಸೊಸೈಟಿಯ ಬೀರುವಿನಲ್ಲಿ ಕಾಗದದ ಮೇಲೆ ಇರಲಿ.

ಊರೊಳಗಿನ ಜಾಲ ನಿಮ್ಮದೇ ಆದರೆ ಇನ್ನೊಂದು ಲಾಭ ಇದೆ, ನನಗೆ ಬಹಳ ಇಷ್ಟವಾದದ್ದು. ಮೇಲಿನ ಇಂಟರ್ನೆಟ್ ಹೋದರೂ ಒಳಗಿನದು ಬದುಕಿರುತ್ತದೆ. ತುಮಕೂರು ಹತ್ತಿರದ ದೇವರಾಯನದುರ್ಗದ ಆಸುಪಾಸಿನಲ್ಲಿ ಜನಸ್ತು ಎಂಬ ಸಂಸ್ಥೆ ಊರವರ ಜೊತೆ ಸೇರಿ ಇಂಥ ಸಮುದಾಯ ಜಾಲ ಕಟ್ಟಿದೆ. ಓದು-ಬರಹ ಬಾರದವರೂ ತಮ್ಮ ಮಾತನ್ನು ಧ್ವನಿಯಲ್ಲೇ ದಾಖಲಿಸಿ, ಊರಿನ ಸರ್ವರಿನಲ್ಲಿಟ್ಟು ಕೇಳುವ ವ್ಯವಸ್ಥೆಗೆ ಅವರು ಒತ್ತು ಕೊಟ್ಟಿದ್ದಾರೆ. ನೀವೂ ಸೊಸೈಟಿಯಲ್ಲಿ ಅಂಗೈಯಗಲದ ಒಂದು ಕಂಪ್ಯೂಟರ್ ಇಡಿ. ಇಂಟರ್ನೆಟ್ ಇಲ್ಲದೆಯೂ ಓದಲು ಬರುವ ಕಿವಿಕ್ಸ್ ತಂತ್ರಾಂಶದಲ್ಲಿ ಇಡೀ ಕನ್ನಡ ವಿಕಿಪೀಡಿಯ ಅದರೊಳಗೆ ಕೂರುತ್ತದೆ. ಮನೆಯಿಂದ ಮನೆಗೆ ವೈಫೈ ಮೇಲೆ ಮಾತಾಡುವ ಇಂಟರ್‌ಕಾಂ ಅದರಿಂದಲೇ ನಡೆಯುತ್ತದೆ. ಹಳ್ಳ ಉಕ್ಕಿ ದಾರಿ ಕಡಿದ ರಾತ್ರಿ, ಆಚೆ ದಡದ ಮನೆಯಲ್ಲಿ ಒಬ್ಬರೇ ಇರುವ ಅಜ್ಜನನ್ನು ವಿಚಾರಿಸಲು ಇಂಟರ್ನೆಟ್ ಬೇಕಾಗಿಲ್ಲ.

ಉಪಗ್ರಹದ ನೆಟ್ ಬರುತ್ತದಲ್ಲ, ಕಾಯೋಣವೇ ಎಂದು ಊರಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಸ್ಟಾರ್‌ಲಿಂಕ್‌ಗೆ 2025ರಲ್ಲಿ ಪರವಾನಗಿ ಸಿಕ್ಕಿದೆ ನಿಜ. ಅದರ ತಟ್ಟೆಗೆ ವಿಶಾಲವಾದ ತೆರೆದ ಆಕಾಶ ಬೇಕು, ತೋಟದ ನಡುವಿನ ಮನೆಗಳಿಗೆ ಅದೇ ಇಲ್ಲ. ಊರೊಳಗೆ ಫೈಬರ್ ಇದ್ದರೆ ಬಯಲಿರುವ ಒಂದು ಕಡೆ ತಟ್ಟೆ ಇಟ್ಟು, ಸಂಸ್ಥೆ ಒಪ್ಪುವ ಪ್ಲಾನ್ ಪಡೆದು, ಎಲ್ಲರಿಗೂ ಮುಟ್ಟಿಸುವ ದಾರಿ ನಾಳೆ ತೆರೆಯಬಹುದು. ಅದಕ್ಕಾಗಿಯೂ ಒಳಗಿನ ಜಾಲ ಮೊದಲು ಬೇಕು.

ಈ ವಾರ ಮಾಡಬೇಕಾದ ಕೆಲಸ ಒಂದೇ. ಪಂಚಾಯತಿ ಕಚೇರಿಗೆ ಹೋಗಿ ಗೋಡೆಯ ಮೇಲಿನ ಫೈಬರ್ ಪೆಟ್ಟಿಗೆಯ ದೀಪಗಳನ್ನು ನೋಡಿ. ಪಾನ್ (PON) ಎಂದು ಬರೆದ ದೀಪ ಹಸಿರಾಗಿ ಅಲುಗದೆ ನಿಂತಿದ್ದರೆ ಬೆಳಕು ಬರುತ್ತಿದೆ. ಲಾಸ್ (LOS) ಎಂಬ ದೀಪ ಕೆಂಪಗೆ ಮಿನುಗುತ್ತಿದ್ದರೆ ದಾರಿಯಲ್ಲಿ ಎಲ್ಲೋ ಕೇಬಲ್ ಹರಿದಿದೆ. ದೀಪವೇ ಇಲ್ಲದಿದ್ದರೆ ಕರೆಂಟಿನದೇ ತೊಂದರೆ. ಒಂದು ತಿಂಗಳು ಬೆಳಗ್ಗೆ, ಸಂಜೆ ಯಾರಾದರೊಬ್ಬರು ನೋಡಿ ಬರೆದಿಡಲಿ. ಆ ಪಟ್ಟಿ ಹಿಡಿದುಕೊಂಡೇ ತಾಲೂಕಿನ ಇಂಟರ್ನೆಟ್ ಸಂಸ್ಥೆಯವರ ಹತ್ತಿರ ಮಾತಿಗೆ ಕೂರಿ. ಪಂಚಾಯತಿಯ ಫೈಬರ್ ತಿಂಗಳಲ್ಲಿ ಐದಾರು ದಿನ ಸತ್ತಿರುತ್ತದೆ ಎಂದು ಕಂಡರೆ, ಅವರ ಸ್ವಂತ ಕೇಬಲ್ ನಿಮ್ಮ ಊರಿಗೆ ಎಷ್ಟು ಹತ್ತಿರ ಬಂದು ನಿಂತಿದೆ ಎಂದು ಕೇಳಿ, ಮೇಲಿನ ಲೆಕ್ಕವನ್ನೆಲ್ಲ ಆ ಜಾಗದಿಂದ ಶುರು ಮಾಡಿ.